ಭಾನುವಾರದ ಅಳತೆ

ಪಾರದರ್ಶಕ ಹಾಳೆಯ ಮೇಲೆ ಅಡ್ಡಗೆರೆ, ಉದ್ದಗೆರೆ ಎರಡೂ ಎಳೆದಾಗಿತ್ತು. ಇನ್ನು ನಡುವಿನ ಬಾಗುಗೆರೆಯೊಂದು ಉಳಿದಿತ್ತು. ಅಷ್ಟರಲ್ಲಿ ನರಸಿಂಹರಾವ ಚಿತ್ತಾಪುರಕರರ ಕೈ ನಿಂತುಬಿಟ್ಟಿತು. ಅವರು ನೋಡಿ ತೆಗೆಯುತ್ತಿದ್ದದ್ದು ಬಂಡೂರಾವ ಕಳಿಸಿದ್ದ ಝೆರಾಕ್ಸ್ ಕಟ್ಟಿನೊಳಗಿನ ಒಂದು ಚಿತ್ರ. ಸೊನ್ನೆಯಿಂದ ಹೊರಟ ಗೆರೆ ಮೆಲ್ಲಗೆ ಏರಿ, ಒಂದು ಕಡೆ ತಟ್ಟನೆ ಮೇಲಕ್ಕೆ ಜಿಗಿದು, ಹಿಂದಿರುಗುವಾಗ ಬಂದ ದಾರಿ ಬಿಟ್ಟು ಬೇರೆ ದಾರಿ ಹಿಡಿದು ಸೊನ್ನೆಗೆ ಸೇರುತ್ತಿತ್ತು. ಸೊನ್ನೆಯ ಇನ್ನೊಂದು ಬದಿಗೂ ಹಾಗೆಯೇ. ಎಂಟರ ಅಂಕಿಯನ್ನು ಅಡ್ಡ ಮಲಗಿಸಿದ ಹಾಗೆ.

"ಚಹಾ ಆರಲಿಕ್ಕೆ ಹತ್ತದ ನೋಡ್ರಿ," ಎಂದು ಹೆಂಡತಿ ಇಂದೂಬಾಯಿ ಒಳಗಿನಿಂದ ಹೇಳಿದರು. ಉತ್ತರ ಬಾರದ್ದಕ್ಕೆ ಬಾಗಿಲಿಗೆ ಬಂದು ನಿಂತರು. "ಆರಾಮ ಇದ್ದೀರಿಲ್ಲೋ?"

"ಇದ್ದೀನಿ. ಹಳೇದೊಂದು ನೆನಪಾತು."

ವಿಶ್ವವಿದ್ಯಾಲಯದ ಪ್ರೊಫೆಸರ್ ಕೆಲಸದಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಕಲಬುರ್ಗಿಯ ಹೊರಗೆ ನಂದೂರ ದಾರಿಯಲ್ಲಿ, ದಾಲ್ ಮಿಲ್ಲುಗಳಾಚೆ ಹೊಸದಾಗಿ ಎದ್ದಿದ್ದ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರ ಹಳೆಯ ವಿದ್ಯಾರ್ಥಿ ಬಂಡೂರಾವ ವಿಭಾಗದ ಮುಖ್ಯಸ್ಥನಾಗಿದ್ದ. ಅರೆವಾಹಕ ಸಾಧನಗಳಲ್ಲಿ ಹೊಸದಾಗಿ ಏನೇನು ನಡೆದಿದೆ ಎಂಬ ಬಗ್ಗೆ ಅಧ್ಯಾಪಕರಿಗಾಗಿ ಎರಡು ದಿನದ ಕಮ್ಮಟ ಇಟ್ಟುಕೊಂಡು, ಮೊದಲ ಉಪನ್ಯಾಸ ನಿಮ್ಮದೇ ಆಗಬೇಕು ಎಂದು ಮನೆಗೆ ಬಂದು ಹೇಳಿಹೋಗಿದ್ದ. ಗುರುಗಳ ಓದು ಹತ್ತು ಹದಿನೈದು ವರ್ಷದ ಹಿಂದೆಯೇ ನಿಂತಿದ್ದು ಅವನಿಗೆ ಗೊತ್ತಿದ್ದಿರಬೇಕು. ಮಾರನೆಯ ದಿನವೇ ಹೊಸ ಲೇಖನಗಳ ದಪ್ಪ ಕಟ್ಟು ಕಳಿಸಿಕೊಟ್ಟ.

ಹದಿನೈದು ದಿನ ನರಸಿಂಹರಾಯರು ಹುಡುಗರ ಹಾಗೆ ಕೂತು ಓದಿದರು. ಟ್ರಾನ್ಸಿಸ್ಟರು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂದು, ಅದರೊಳಗಿನ ಆಕ್ಸೈಡಿನ ಪದರ ಐದಾರು ಪರಮಾಣುಗಳಷ್ಟು ತೆಳುವಾಗಿದೆ. ವಿದ್ಯುತ್ತು ಅದನ್ನು ದಾಟಿ ಸೋರತೊಡಗಿದೆ. ಇನ್ನು ಸಣ್ಣದು ಮಾಡುವುದು ಸುಲಭವಲ್ಲವೆಂದು ಎಲ್ಲೆಲ್ಲೂ ಹೊಸ ವಸ್ತುಗಳನ್ನು ಹುಡುಕುತ್ತಿದ್ದಾರೆ. ಹಾಗೆ ಹುಡುಕುವವರಲ್ಲಿ ಒಂದು ಗುಂಪು, ಎರಡು ಲೋಹಗಳ ನಡುವೆ ಟೈಟಾನಿಯಂ ಆಕ್ಸೈಡಿನ ಪದರ ಇಟ್ಟು ಈ ಅಡ್ಡ ಎಂಟನ್ನು ಕಂಡಿತ್ತು. ಕರೆಂಟು ತೆಗೆದರೂ ಆ ಪದರ ತಾನಿದ್ದ ಸ್ಥಿತಿಯನ್ನು ಮರೆಯುವುದಿಲ್ಲ, ನಾಳೆಯ ಕಂಪ್ಯೂಟರುಗಳ ಸ್ಮೃತಿಕೋಶ ಇದರಿಂದಲೇ ಆದೀತು ಎಂದು ಬರೆದಿದ್ದರು.

ಈ ಗೆರೆಯನ್ನು ನರಸಿಂಹರಾಯರು ಹದಿನೇಳು ವರ್ಷದ ಹಿಂದೆ ನೋಡಿದ್ದರು. ನೀಲಿ ಚೌಕುಳಿಯ ಗ್ರಾಫ್ ಹಾಳೆಯ ಮೇಲೆ, ಪೆನ್ಸಿಲಿನಲ್ಲಿ.

*

ಲಲಿತಾಬಾಯಿ ಕಮಲಾಪುರದ ಹುಡುಗಿ. ಅವಳ ತಂದೆ ಅಣವೀರಪ್ಪನಿಗೆ ಅಲ್ಲಿ ಬಾಳೆಯ ತೋಟವಿತ್ತು. ಎಂ.ಎಸ್ಸಿ.ಯಲ್ಲಿ ಎರಡನೆಯವಳಾಗಿ ಪಾಸಾಗಿ, ದೆಹಲಿಯ ಫೆಲೋಶಿಪ್ಪು ತಗೊಂಡು, ನರಸಿಂಹರಾಯರ ಕೈಕೆಳಗೆ ಸಂಶೋಧನೆಗೆ ಬಂದವಳು. ಆ ಮನೆತನದಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೊಬ್ಬಳೇ. ಪ್ರಯೋಗಾಲಯದಲ್ಲಿ ಒಂದು ಹಳೆಯ ಯಂತ್ರವಿತ್ತು: ದೊಡ್ಡ ಗಾಜಿನ ಗಂಟೆಯೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಒಳಗೆ ಲೋಹವನ್ನು ಕಾಯಿಸಿ ಆವಿ ಮಾಡಿ, ಗಾಜಿನ ಚೂರಿನ ಮೇಲೆ ಪದರವಾಗಿ ಕೂಡಿಸುವಂಥದು. ಅದರ ಮಾಲೀಕ ಎನ್ನಬೇಕಾದವನು ತಂತ್ರಜ್ಞ ಸಲಾವುದ್ದೀನ್. ಹೈದರಾಬಾದಿನಲ್ಲಿ ಗಾಜು ಊದುವ ಕೆಲಸ ಕಲಿತು ಬಂದವನು, ಯಾರಿಗೂ ಆ ಗಂಟೆ ಮುಟ್ಟಗೊಡುತ್ತಿರಲಿಲ್ಲ. ಲಲಿತಾ ಬಂದ ಮೂರು ತಿಂಗಳಿಗೆ ಅವಳೊಬ್ಬಳಿಗೆ ಬಿಟ್ಟುಕೊಟ್ಟ.

1987ರ ಚಳಿಗಾಲದಲ್ಲಿ ಒಂದು ದಿನ ಅವಳು ಟೈಟಾನಿಯಂ ಆಕ್ಸೈಡಿನ ಅಳತೆಯ ಗ್ರಾಫ್ ಹಾಳೆಗಳನ್ನು ಹಿಡಿದು ಅವರ ಕೋಣೆಗೆ ಬಂದಳು.

"ಸರ್, ಮತ್ತ ಹಂಗ ಬಂತ್ರಿ."

"ಹ್ಯಾಂಗ?"

"ವೋಲ್ಟೇಜ ಏರಿಸೂಮುಂದ ಒಂದ ದಾರಿ, ಇಳಿಸೂಮುಂದ ಒಂದ ದಾರಿ. ನಿನ್ನಿ ಸಂಜಿಕ ಸಪ್ಲೈ ತೆಗದು ಹೋಗಿದ್ದೆರಿ. ಇವತ್ತ ಮುಂಜಾನಿ ಬಂದು ಹಚ್ಚಿದ್ರ, ನಿನ್ನಿ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದನ ಸುರು ಆಗ್ತದ."

ಅವರು ಹಾಳೆಯ ಮೇಲೆ ಕಣ್ಣಾಡಿಸಿದರು. ಒಂದು ಮೂಲೆಯಲ್ಲಿ ಅವಳು ಕನ್ನಡದಲ್ಲಿ 'ನಿನ್ನೆಯದು ಇದಕ್ಕೆ ನೆನಪಿದೆ' ಎಂದು ಬರೆದುಕೊಂಡಿದ್ದಳು.

"ಇದೇನು, ಕಥಿ ಬರೀಲಿಕ್ಕೆ ಹತ್ತೀಯೇನು? ಮ್ಯಾಲಿನ ಲೋಹದ ಕಾಂಟ್ಯಾಕ್ಟ್ ಹೊಲಸಾಗಿರ್ತಾವ. ಮತ್ತೊಂದು ಸ್ಯಾಂಪಲ್ ಮಾಡು."

"ಹದಿನಾಲ್ಕ ಮಾಡೀನ್ರಿ. ಹನ್ನೊಂದರಾಗ ಹಿಂಗ ಬಂದದ."

"ಉಳಿದ ಮೂರು?"

"ಅವು ಸುಟ್ಟ ಹೋದ್ವರಿ."

ನರಸಿಂಹರಾಯರು ಹಾಳೆಗಳನ್ನು ಅವಳ ಕಡೆ ಸರಿಸಿದರು. "ಹಂಗಾದ್ರ ಏರೂವಾಗಿನ ಅಂಕಿ, ಇಳಿಯೂವಾಗಿನ ಅಂಕಿ ಎರಡೂ ಕೂಡಿಸಿ ಸರಾಸರಿ ತೆಗಿ. ನಡುವ ಒಂದ ಗೆರಿ ಬರ್ತದ. ಅದನ್ನ ಹಾಕು."

ಲಲಿತಾ ಹಾಳೆಗಳನ್ನು ತಗೊಳ್ಳಲಿಲ್ಲ. "ಆ ಗೆರಿ ಮ್ಯಾಲ ಒಂದೂ ರೀಡಿಂಗ್ ಇಲ್ಲಲ್ರಿ ಸರ್," ಎಂದಳು.

ಜಗಳದ ದನಿಯಲ್ಲಿ ಹೇಳಿದ ಮಾತಲ್ಲ ಅದು. ಆದರೂ ನರಸಿಂಹರಾಯರಿಗೆ ಕಪಾಳಕ್ಕೆ ಬಡಿದಂತಾಯಿತು. ಮುಂದಿನ ತಿಂಗಳು ದೆಹಲಿಗೆ ಕಳಿಸುವ ವಾರ್ಷಿಕ ವರದಿಯಲ್ಲಿ ಅವಳ ಹೆಸರಿನೆದುರು, ಅಳತೆಗಳು ನಂಬುವಂತಿಲ್ಲ, ಕೆಲಸ ತೃಪ್ತಿಕರವಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು ಬರೆದರು. ಎರಡು ತಿಂಗಳಿಗೆ ಫೆಲೋಶಿಪ್ಪು ನಿಂತಿತು. ಲಲಿತಾ ಹಾಸ್ಟೆಲು ಖಾಲಿ ಮಾಡುವಾಗ ಅವರನ್ನು ನೋಡಲು ಬರಲಿಲ್ಲ. ಸಲಾವುದ್ದೀನನ ಕೈಗೆ ಪ್ರಯೋಗಾಲಯದ ಕಪಾಟಿನ ಚಾವಿ ಕೊಟ್ಟು ಹೋದಳು.

ಬಂದವನು ಅಣವೀರಪ್ಪ. ಬ್ರಹ್ಮಪುರ ಬಡಾವಣೆಯಲ್ಲಿದ್ದ ನರಸಿಂಹರಾಯರ ಮನೆ ಹುಡುಕಿಕೊಂಡು, ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತುಕೊಂಡು ಬಂದು, ಒಳಗೆ ಬಾ ಎಂದು ಯಾರೂ ಅನ್ನದ್ದರಿಂದ ಹೊರಗಿನ ಕಟ್ಟೆಯ ಮೇಲೆ ಕೂತ.

"ಗುರುಗಳ, ಹುಡುಗಿ ಏನ್ ತಪ್ಪ ಮಾಡ್ಯಾಳ ಹೇಳ್ರಿ. ತಿದ್ಕೋತಾಳ. ಕೇಳಿದ್ರ ನನಗ ಏನೂ ಹೇಳವಲ್ಲಳು."

ಏನು ಹೇಳಬೇಕೆಂದು ನರಸಿಂಹರಾಯರು ಮೊದಲೇ ಯೋಚಿಸಿಟ್ಟಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದರು. "ಅಕಿ ಕೈ ಶುದ್ಧ ಇಲ್ಲಪಾ. ಇಂಥಾ ಕೆಲಸಕ್ಕ ಕೈ ಶುದ್ಧ ಬೇಕಾಗ್ತದ."

ಅಣವೀರಪ್ಪ ತನ್ನ ಎರಡೂ ಅಂಗೈಗಳನ್ನು ಒಮ್ಮೆ ತಿರುವಿ ನೋಡಿಕೊಂಡ. ಮತ್ತೇನೂ ಕೇಳದೆ, ನಮಸ್ಕಾರ ಮಾಡಿ, ಹಣ್ಣಿನ ಗೊನೆ ಅಲ್ಲಿಯೇ ಬಿಟ್ಟು ಎದ್ದುಹೋದ.

*

ಕಮ್ಮಟದ ದಿನ ಸಭಾಂಗಣದಲ್ಲಿ ಎಂಬತ್ತು ಜನರಿದ್ದರು. ಬೀದರದಿಂದ, ರಾಯಚೂರಿನಿಂದ ಕೂಡ ಅಧ್ಯಾಪಕರು ಬಂದಿದ್ದರು. ನರಸಿಂಹರಾಯರು ಪ್ರೊಜೆಕ್ಟರಿನ ಮೇಲೆ ಒಂದೊಂದೇ ಹಾಳೆ ಇಡುತ್ತ ಐವತ್ತು ನಿಮಿಷ ಮಾತಾಡಿದರು. ಕೊನೆಯ ಹಾಳೆ ಬಂದಾಗ ಗೋಡೆಯ ಮೇಲೆ ಆ ಅಡ್ಡ ಎಂಟು ಆಳೆತ್ತರವಾಗಿ ನಿಂತಿತು. ಅದನ್ನು ತೋರಿಸಿ ಏನು ಹೇಳಬೇಕೆಂದು ಮೂರು ದಿನ ಮನಸ್ಸಿನಲ್ಲೇ ತಿರುವಿ ಹಾಕಿ ಗಟ್ಟಿ ಮಾಡಿಕೊಂಡಿದ್ದರು.

"ಹದಿನೇಳು ವರ್ಷದ ಹಿಂದೆ, ಇದೇ ಊರಿನಲ್ಲಿ, ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಅಳೆದಿದ್ದಳು. ಲಲಿತಾಬಾಯಿ ಅಂತ, ಕಮಲಾಪುರದವಳು. ಅದರ ಮಹತ್ವ ನನಗೆ ತಿಳಿಯಲಿಲ್ಲ. ಅಳತೆ ತಪ್ಪಾಗಿದೆ ಅಂದುಕೊಂಡು ನಿಲ್ಲಿಸಿಬಿಟ್ಟೆ. ಅದು ನನ್ನಿಂದಾದ ತಪ್ಪು."

ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿದರು, ಉಳಿದವರು ಸೇರಿಕೊಂಡರು. ಮುಂದಿನ ಸಾಲಿನಲ್ಲಿದ್ದ ಎಳೆಯ ಅಧ್ಯಾಪಕಿಯೊಬ್ಬಳು ಪೆನ್ನು ಹಿಡಿದು ಎದ್ದು ನಿಂತಳು. "ಸರ್, ಅದು ಯಾವ ಜರ್ನಲ್‌ನಲ್ಲಿ ಬಂದಿದೆ?"

"ಎಲ್ಲಿಯೂ ಬಂದಿಲ್ಲ."

"ಡೇಟಾ ಆದರೂ ಇದೆಯೇನ್ರಿ?"

"ಇಲ್ಲ."

ಅವಳು ಪೆನ್ನಿನ ಮುಚ್ಚಳ ಹಾಕಿ ಕೂತಳು. ಬಂಡೂರಾವ ವಂದನಾರ್ಪಣೆಯಲ್ಲಿ, ತಮ್ಮ ತಪ್ಪನ್ನು ಎಂಬತ್ತು ಜನರೆದುರು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಇವತ್ತಿನ ದಿನ ಎಲ್ಲಿ ಸಿಕ್ಕೀತು ಎಂದು ಗದ್ಗದನಾಗಿ ಮಾತಾಡಿ ಶಾಲು ಹೊದಿಸಿದ. ನರಸಿಂಹರಾಯರಿಗೆ ಎದೆ ಹಗುರಾದಂತೆ ಅನಿಸಿತು. ಮೂರು ದಿನದಿಂದ ಸರಿಯಾಗಿ ಹಸಿವೆಯಾಗಿರಲಿಲ್ಲ. ಈಗ ಊಟದ ಕೋಣೆಯ ಕಡೆಯಿಂದ ಬರುತ್ತಿದ್ದ ಪಾತ್ರೆಗಳ ಸದ್ದು ಹಿತವಾಗಿ ಕೇಳಿಸಿತು.

ಎಲ್ಲರೂ ಹೋದ ಮೇಲೆ, ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು ಬಂದ. ಬಿಳಿ ಗಡ್ಡ, ತಲೆಗೆ ಜಾಳಿಗೆ ಟೋಪಿ. ಸಲಾವುದ್ದೀನ್. ಕೋಟೆಯ ಹಿಂದಿನ ಮನೆಯಿಂದ ದಿನಾ ಸೈಕಲ್ಲು ಹೊಡೆದುಕೊಂಡು ಬಂದು ಈ ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುತ್ತಾನೆಂದು ಬಂಡೂರಾವ ಹೇಳಿದ್ದು ಅವರಿಗೆ ಮರೆತೇಹೋಗಿತ್ತು.

"ಆರಾಮ್ರೀ ಸಾಬ್?"

"ಅರೆ, ಸಲಾವುದ್ದೀನ್. ನೀನೂ ಕೇಳಿದ್ಯಾ?"

"ಕೇಳ್ದೆ ಸಾಬ್. ಲಲಿತಾಬಾಯಿ ಹೆಸರ ತಗೊಂಡ್ರಿ, ಖುಷಿ ಆತು." ಅವನು ಪ್ರೊಜೆಕ್ಟರಿನ ವೈರನ್ನು ಕೈಗೆ ಸುತ್ತಿಕೊಳ್ಳತೊಡಗಿದ. "ಆದ್ರ ನೀವು ತಪ್ಪ ತಿಳಕೊಂಡೆ ಅಂದ್ರಿ. ಗಲತಿ ಅಂದ್ರ ಗೊತ್ತಿಲ್ಲದ ಆಗೋದು ಸಾಬ್."

ನರಸಿಂಹರಾಯರು ಕೊನೆಯ ಹಾಳೆಯನ್ನು ಕಟ್ಟಿನೊಳಗೆ ಸೇರಿಸಿದರು.

"ಬಾಯಿ ನಿಮ್ಮ ಸಂಗಡ ಮಾತಾಡಿದ ವಾರ, ಶನಿವಾರ ದಿನ, ನಾ ಆ ಗಾಜಿನ ಗಂಟೀನ ಕಾಸ್ಟಿಕ್ ಹಾಕಿ ತೊಳದು, ಸಾಫ್ ಮಾಡಿ ಇಟ್ಟು ಹೋಗಿದ್ದೆ. ಸೋಮವಾರ ಮುಂಜಾನಿ ಬಂದು ನೋಡಿದ್ರ ಅದರ ಒಳಗ ಅಲ್ಯೂಮಿನಂ ಕನ್ನಡಿ ಹಂಗ ಹೊಳಿಯಾಕತ್ತಿತ್ತು. ಬಾಯಿ ನಡುವಿನ ಇತವಾರ ಊರಿಗಿ ಹೋಗಿದ್ಲು. ಲ್ಯಾಬಿನ ಬಾಗಲಾ ತೆರೆಯೋ ಚಾವಿ ಎರಡ ಇದ್ವು. ಒಂದ ನಂದು, ಒಂದ ನಿಮ್ದು."

"ಅಕಿಗೆ ಹೇಳಿದ್ಯಾ?"

"ಹ್ಯಾಂಗ ಹೇಳ್ಲಿ ಸಾಬ್. ನೌಕರಿ ಮಾಡೋ ಮನುಷ್ಯಾ ನಾ." ವೈರಿನ ಸುತ್ತನ್ನು ಮೇಜಿನ ಮೇಲಿಟ್ಟ. "ನಂದೂ ಗುನ್ಹಾ ಅದ ಅದರಾಗ. ಹದಿನೇಳ ವರ್ಷ ಆತು, ನಾನೂ ಬಾಯಿ ತೆರೀಲಿಲ್ಲ. ಇವತ್ತ ಚಪ್ಪಾಳಿ ಕೇಳಿ ಕೂಡಾಕ ಆಗ್ಲಿಲ್ಲ, ಅಷ್ಟ. ಹೋಗಿ ಅಕಿಗಿ ಹೇಳಿ ಬರ್ರಿ. ಕಮಲಾಪುರದಾಗ ಹೆಣ್ಣುಮಕ್ಕಳ ಹೈಸ್ಕೂಲಿನಾಗ ಟೀಚರ್ ಇದ್ದಾಳ."

ಊಟಕ್ಕೆ ಕರೆಯಲು ಬಂದ ಬಂಡೂರಾವನಿಗೆ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ನರಸಿಂಹರಾಯರು ಆಟೋ ಹತ್ತಿ ಮನೆಗೆ ಹೋದರು.

ಹೌದು, ಆ ಭಾನುವಾರ ಅವರು ಹೋಗಿದ್ದರು. ಮಧ್ಯಾಹ್ನದ ಊಟ ಮುಗಿಸಿ, ಸ್ನೇಹಿತರ ಮನೆಗೆ ಹೋಗಿಬರುತ್ತೇನೆಂದು ಇಂದೂಬಾಯಿಗೆ ಹೇಳಿ, ಯಾರೂ ಇಲ್ಲದ ಪ್ರಯೋಗಾಲಯದ ಬಾಗಿಲು ತೆರೆದಿದ್ದರು. ಲಲಿತಾಳ ಮೇಜಿನ ಮೇಲಿಂದ ಒಂದು ಗಾಜಿನ ಚೂರು ತೆಗೆದು, ಅದರ ಮೇಲಿನ ಅವಳ ಕಾಂಟ್ಯಾಕ್ಟುಗಳನ್ನು ಒರೆಸಿ ಹಾಕಿ, ತಮ್ಮ ಕೈಯಿಂದಲೇ ಹೊಸ ಅಲ್ಯೂಮಿನಂ ಚುಕ್ಕೆಗಳನ್ನು ಕೂಡಿಸಿದ್ದರು. ಕೊಳೆ ಎಂಬುದಿದ್ದರೆ ಈಗ ಇರಬಾರದು. ಆಮೇಲೆ ವೋಲ್ಟೇಜು ಏರಿಸುತ್ತ ಬರೆದುಕೊಂಡರು, ಇಳಿಸುತ್ತ ಬರೆದುಕೊಂಡರು. ಅದೇ ಗೆರೆ. ಎರಡನೆಯ ಸಲ ತಗೊಂಡರು, ಮೂರನೆಯ ಸಲ ತಗೊಂಡರು. ಆ ಹಾಳೆಯನ್ನು ಹರಿದು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದು, ದಾರಿಯಲ್ಲಿ ಅಪ್ಪನ ಕೆರೆಗೆ ಎಸೆದಿದ್ದರು.

ಅದು ಅವರಿಗೆ ಹೊಸ ಗೆರೆಯೂ ಆಗಿರಲಿಲ್ಲ. ಹೈದರಾಬಾದಿನಲ್ಲಿ ತಮ್ಮ ಪಿಎಚ್.ಡಿ.ಗಾಗಿ ಇದೇ ವಸ್ತುವಿನ ಮೇಲೆ ಕೆಲಸ ಮಾಡುವಾಗ, 1974ರಲ್ಲಿ, ಅವರ ಅಂಕಿಗಳೂ ಎರಡು ದಾರಿ ಹಿಡಿದಿದ್ದವು. ಪ್ರಬಂಧ ಸಲ್ಲಿಸಲು ಆರು ವಾರ ಉಳಿದಿತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿ, ನಡುವೆ ಒಂದು ಚಂದದ ಗೆರೆ ಎಳೆದರು. ಪರೀಕ್ಷಕರು ಆ ಗೆರೆಯನ್ನೇ ಹೊಗಳಿದರು. ಅವರ ನೌಕರಿ, ಬಡ್ತಿ, ಪ್ರೊಫೆಸರು ಎಂಬ ಹೆಸರು ಎಲ್ಲಕ್ಕೂ ಅದೇ ಬುಡ. ಲಲಿತಾಳ ಗೆರೆ ಅಚ್ಚಾಗಿದ್ದರೆ, ಯಾರಾದರೂ ಹಳೆಯ ಪ್ರಬಂಧ ತೆರೆದು ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡುತ್ತಿದ್ದರು.

*

ಮರುದಿನ ಶನಿವಾರ. ಬೆಳಗಿನ ಹುಮನಾಬಾದ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನರಸಿಂಹರಾಯರು ಕಮಲಾಪುರಕ್ಕೆ ಬಂದಿಳಿದಾಗ ಹನ್ನೊಂದು ಗಂಟೆ. ಮುಂಜಾನೆಯ ಶಾಲೆ ಬಿಡುವ ಹೊತ್ತಾಗಿತ್ತು. ನೀಲಿ ಲಂಗದ ಹುಡುಗಿಯರು ಗೇಟಿನಿಂದ ಹೊರಗೆ ನುಗ್ಗುತ್ತಿದ್ದರು. ಅವರ ಹಿಂದೆ ಹಾಜರಿ ಪುಸ್ತಕಗಳನ್ನು ಎದೆಗವಚಿಕೊಂಡು ಬರುತ್ತಿದ್ದವಳನ್ನು ಅವರು ನಡಿಗೆಯಿಂದಲೇ ಗುರುತಿಸಿದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವಳಿಗೂ ಗುರುತು ಹತ್ತಿತು. ಪುಸ್ತಕಗಳನ್ನು ಒಂದು ಕೈಗೆ ಬದಲಿಸಿ, ಬಗ್ಗಿ ಕಾಲು ಮುಟ್ಟಲು ಬಂದಳು. ಅವರು ಹಿಂದೆ ಸರಿದರು.

"ಬ್ಯಾಡ ಬ್ಯಾಡ. ನಿಮ್ಮನ್ನ ನೋಡಲಿಕ್ಕೇ ಬಂದೆ."

"ನನಗ ಯಾಕ ನೀವು ಅಂತೀರಿ ಸರ್. ನಡೀರಿ, ಮನಿ ಇಲ್ಲೇ ಅದ."

ಮಣ್ಣಿನ ದಾರಿಯಲ್ಲಿ ನಡೆಯುತ್ತ ಅವರು ಝೆರಾಕ್ಸಿನ ಸಂಗತಿ ಹೇಳಿದರು. ಬಯಲಾಗಬೇಕಾದ್ದು ಇನ್ನೂ ನಾಲಿಗೆಯ ಹಿಂದೆಯೇ ಇತ್ತು. ಲಲಿತಾ ಮಾತು ಮುಗಿಯುವ ತನಕ ತಲೆ ತಗ್ಗಿಸಿ ಕೇಳಿದಳು. ಆಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ತನ್ನ ಬಗ್ಗೆ ಆಗಿರಲಿಲ್ಲ.

"ಪದರದ ದಪ್ಪ ಎಷ್ಟಂತ್ರಿ?"

ಅವರು ಹೇಳಿದರು.

"ಅಷ್ಟ ತೆಳ್ಳಗ ಮಾಡ್ತಾರ ಈಗ. ನಂದು ಅದರ ಐದಾರ ಪಟ್ಟು ಇತ್ರಿ." ಅವಳ ಹೆಜ್ಜೆ ಚುರುಕಾಗಿತ್ತು. "ಮ್ಯಾಲಿನ ಕಾಂಟ್ಯಾಕ್ಟ್ ಯಾವುದ್ರಿ?"

"ಪ್ಲಾಟಿನಂ."

"ಹೌದಾ," ಎಂದು ಸಣ್ಣಗೆ ನಕ್ಕಳು. "ನಮಗ ಅಲ್ಯೂಮಿನಂ ತಂತಿ ಸಿಗೂದ ಕಷ್ಟ ಇತ್ತು. ಸಲಾವುದ್ದೀನ್ ಚಾಚಾ ತೂಕಾ ಮಾಡಿ ಕೊಡ್ತಿದ್ದ."

"ಅಲ್ಯೂಮಿನಂ ನಾನೂ ಹಾಕಿದ್ದೆ, ಲಲಿತಾ."

ಅವಳು ತಿರುಗಿ ನೋಡಿದಳು. ಅವರು ನಡೆಯುವುದನ್ನು ನಿಲ್ಲಿಸಿದರು. ಒಂದು ಬೇವಿನ ಮರದ ಕೆಳಗೆ ನಿಂತು ಆ ಭಾನುವಾರದ್ದನ್ನು ಹೇಳಿದರು; ತಮ್ಮ ಪ್ರಬಂಧದ ಗೆರೆಯನ್ನೂ ಹೇಳಿದರು. ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಹದಿನೇಳು ವರ್ಷ ಹೊತ್ತದ್ದು ಇಷ್ಟು ಚಿಕ್ಕದಾಗಿತ್ತೆ ಎಂದು ಅವರಿಗೇ ಆಶ್ಚರ್ಯವಾಯಿತು.

"ಎಷ್ಟ ಸಲ ತಗೊಂಡ್ರಿ?" ಲಲಿತಾ ಕೇಳಿದಳು.

"ಮೂರು."

"ಮೂರೂ ಸಲ ಹಂಗ ಬಂತಾ?"

"ಹಂಗ ಬಂತು."

ಅವಳು ತಲೆಯಾಡಿಸಿದಳು. ದಾರಿಯ ಆಚೆ ಒಬ್ಬ ಹೆಂಗಸು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದಳು. ಅವಳು ದಾಟಿ ಹೋಗುವ ತನಕ ಲಲಿತಾ ಅತ್ತಲೇ ನೋಡುತ್ತಿದ್ದಳು.

"ಆವಾಗ ನಾ ಅದೊಂದ ವಿಚಾರ ಮಾಡ್ತಿದ್ದೆರಿ ಸರ್. ಸರ್ ಒಮ್ಮೆ ತಾವ ಕೂತು ರೀಡಿಂಗ್ ತಗೊಂಡ್ರ ಸಾಕು, ಅವರಿಗಿ ತಿಳೀತದ ಅಂತ. ದೇವರಿಗಿ ಅದನ್ನ ಬೇಡ್ಕೋತಿದ್ದೆ." ಅವಳ ದನಿ ಏರಲಿಲ್ಲ. "ತಗೊಂಡಿದ್ರಿ."

"ನೋಟಬುಕ್ಕು ಇಟ್ಟೀಯೇನು? ಅವು ಇದ್ರ ಈಗೂ..."

"ಅಪ್ಪ ತೀರ್ಕೊಂಡ ವರ್ಷ ರದ್ದಿಗಿ ಹಾಕಿದ್ವಿ." ಹಾಜರಿ ಪುಸ್ತಕಗಳನ್ನು ಮತ್ತೆ ಎದೆಗೆ ಒತ್ತಿಕೊಂಡಳು. "ನೌಕರಿ ಹತ್ತಿದ ಮ್ಯಾಲ ಭಾಳ ದಿನ, ಮಕ್ಕಳಿಗಿ ಪ್ರಯೋಗ ತೋರಸೂಮುಂದ ಎರಡೆರಡ ಸಲ ಕೈ ತೊಳೀತಿದ್ದೆರಿ. ಹುಡುಗ್ಯಾರು ನಗ್ತಿದ್ರು. ನೀವು ಅಪ್ಪಗ ಹಂಗ ಹೇಳಿ ಕಳಿಸಿದ್ರಲ್ಲ, ಅದು ಖರೆ ಇರಬಹುದು ಅಂತ ನನಗೂ ಅನಸಾಕತ್ತಿತ್ತು."

ಅವಳು ಮುಂದೆ ನಡೆದಳು. ಅವರು ಹಿಂದೆ ಹೋದರು.

ಮನೆ ಚಿಕ್ಕದು, ಮುಂದೆ ತಗಡಿನ ಮಾಡು. ಲಲಿತಾಳ ಗಂಡ ದೇವೀಂದ್ರಪ್ಪನಿಗೆ ಹುಮನಾಬಾದಿನ ಬ್ಯಾಂಕಿನಲ್ಲಿ ಕೆಲಸ, ಸಂಜೆಗೆ ಬರುತ್ತಾನೆ. ಮಾಡಿನ ಕೆಳಗೆ ಅವಳ ತಾಯಿ ಚಂದಮ್ಮ ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಯಾರ್ ಬಂದಾರವಾ?"

"ನಮ್ಮ ಸರ್ ಬಂದಾರ ಯವ್ವಾ. ಕಲಬುರ್ಗಿಯವರು."

ಚಂದಮ್ಮ ಕಣ್ಣು ಕಿರಿದು ಮಾಡಿ ಅವರನ್ನು ನೋಡಿದಳು. "ಅವರಪ್ಪ ಹಣ್ಣ ತಗೊಂಡು ಹೋಗಿದ್ನಲಾ, ಆ ಮಾಸ್ತರ?"

"ಹೌದ್ರಿ ತಾಯಿ," ಎಂದರು ನರಸಿಂಹರಾಯರು.

"ಕೂಡ್ರಿ." ಮೊರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. "ನಿಮಗ ಒಂದ ಮಾತ ಕೇಳಬೇಕಾಗಿತ್ತು. ಬಂದೀರಿ, ಛಲೋ ಆತು. ನಮ್ಮ ಹುಡುಗಿ ಅವಾಗ ಏನ್ ತಪ್ಪ ಮಾಡಿದ್ಲರಿ? ಅವರಪ್ಪ ಸಾಯೂತನಾ ಕೇಳ್ಕೋತ ಹೋದಾ. ಇಕಿ ಒಂದಿನ ಹೇಳ್ಲಿಲ್ಲ. ನನ್ನ ಕೈ ತಪ್ತು ಅಂದ್ಲು, ಅಷ್ಟ."

ನರಸಿಂಹರಾಯರು ಲಲಿತಾಳ ಕಡೆ ನೋಡಿದರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವರ ಪರವಾಗಿ ಮಾತಾಡಲು ಬರಲಿಲ್ಲ, ಒಳಗೂ ಹೋಗಲಿಲ್ಲ.

ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ. ವೋಲ್ಟೇಜು, ಆಕ್ಸೈಡು, ಸರಾಸರಿ ಎಂಬ ಮಾತುಗಳನ್ನೆಲ್ಲ ತೆಗೆದಿಟ್ಟು ಹೇಳಬೇಕಾದಾಗ ಉಳಿದದ್ದು ಸ್ವಲ್ಪವೇ.

"ಅಕಿ ತಪ್ಪ ಮಾಡಿಲ್ಲ ತಾಯಿ. ಒಂದು ವಸ್ತು ಅಳೆದ್ಲು, ಬಂದದ್ದು ಬಂದಂಗ ಬರದ್ಲು. ಅದಕ್ಕೂ ಮೊದಲ ಅದನ್ನ ನಾನೂ ಅಳೆದಿದ್ದೆ. ನಾ ಬಂದಂಗ ಬರದಿರಲಿಲ್ಲ. ಅಕಿದು ಖರೆ ಅಂದ್ರ ನಂದು ಸುಳ್ಳ ಆಗ್ತಿತ್ತು. ಅದಕ್ಕ ಅಕಿದ ಸುಳ್ಳ ಅಂದೆ. ಗೊತ್ತಿದ್ದು ಅಂದೆ."

ಚಂದಮ್ಮನ ಬೆರಳುಗಳು ಬೇಳೆಯೊಳಗೆ ಓಡಾಡುತ್ತಲೇ ಇದ್ದವು. ಒಂದು ಕಲ್ಲು ಸಿಕ್ಕಿತು. ಅದನ್ನು ಅಂಗಳಕ್ಕೆ ಎಸೆದಳು.

"ಅವರಪ್ಪಗ ಹೇಳಬೇಕಾಗಿತ್ರಿ," ಎಂದಳು.

ಬೈದ ಹಾಗಿರಲಿಲ್ಲ ಆ ಮಾತು. ಹೊತ್ತು ತಪ್ಪಿ ಬಂದವನಿಗೆ ಬಸ್ಸು ಆಗಲೇ ಹೋಯಿತು ಎಂದು ಹೇಳಿದ ಹಾಗಿತ್ತು. ನರಸಿಂಹರಾಯರು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಎದ್ದು ಹೋಗಬೇಕು ಅಂದುಕೊಂಡರು, ಏಳಲಾಗಲಿಲ್ಲ.

ತುಸು ಹೊತ್ತಾದ ಮೇಲೆ ಚಂದಮ್ಮ ಮೊರ ತಗೊಂಡು, ನೆಲಕ್ಕೆ ಕೈಯೂರಿ ಎದ್ದಳು. "ಉಣ್ಣೂ ಹೊತ್ತಾತು. ಲಲಿತಾ, ಒಲಿ ಹಚ್ಚವಾ. ನಾಕ ರೊಟ್ಟಿ ಬಡಿ."

"ಬ್ಯಾಡ್ರಿ, ನಾನು..." ಎಂದು ನರಸಿಂಹರಾಯರು ಶುರುಮಾಡಿದರು. ಹೊರಗೆ ಉಣ್ಣುವ ರೂಢಿಯಿಲ್ಲ ಎಂಬುದು ಅವರ ಮಾಮೂಲಿ ಮಾತು. ಅರವತ್ತು ವರ್ಷ ಎಲ್ಲರ ಮನೆಯಲ್ಲೂ ಅದನ್ನು ಹೇಳಿ ಎದ್ದು ಬಂದಿದ್ದರು. ಇವತ್ತು ಅದು ಅರ್ಧಕ್ಕೇ ನಿಂತಿತು. ಚಂದಮ್ಮ ಉಳಿದರ್ಧಕ್ಕಾಗಿ ಕಾಯಲಿಲ್ಲ. ಕೈಕಾಲು ತೊಳೆಯಲು ಒಂದು ತಂಬಿಗೆ ನೀರು ತಂದು ಕಟ್ಟೆಯ ಮೇಲಿಟ್ಟಳು.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರತೊಡಗಿತು. ಒಂದೇ ಸಮನೆ, ಅವಸರವಿಲ್ಲದ ಸದ್ದು. ತಾಟಿನಲ್ಲಿ ಪುಂಡಿಪಲ್ಲೆ ಇತ್ತು, ಶೇಂಗಾ ಹಿಂಡಿ ಇತ್ತು. ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಅವರು ರೊಟ್ಟಿಯ ಒಂದು ತುಂಡು ಮುರಿದು, ಪಲ್ಲೆಗೆ ಹಚ್ಚಿ, ಬಾಯಿಗಿಟ್ಟರು. ಬಿಸಿಗೆ ಕಣ್ಣಲ್ಲಿ ನೀರು ಬಂತು. ಸಾಕು ಅನ್ನುವ ಮೊದಲೇ ಲಲಿತಾ ಬಂದು ಇನ್ನೊಂದು ರೊಟ್ಟಿಯನ್ನು ತಾಟಿನ ಅಂಚಿಗೆ ಹಾಕಿ, ಒಲೆಯ ಕಡೆ ಹೋದಳು. ಚಂದಮ್ಮ ಎದುರಿಗೆ ಗೋಡೆಗೆ ಒರಗಿ ಕೂತು, ಸೆರಗಿನ ತುದಿಯಿಂದ ತಾಟಿಗೆ ಬರುವ ನೊಣಗಳನ್ನು ಓಡಿಸುತ್ತಿದ್ದಳು.